ಡೆಬ್ ಮತ್ತು ಆರ್‌ಪಿಎಂ ಪ್ಯಾಕೇಜಿಂಗ್: ಇತರರು ಹಂಚಿಕೊಂಡಿರುವ ಸ್ಕ್ರಿಪ್ಟ್‌ಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಆರಿಸಬೇಕು?

ಪ್ರಶ್ನೆ: ಬಿಲ್ಡ್‌ಮನೆ

ಎಲ್ಲರಿಗೂ ನಮಸ್ಕಾರ.

ನಮ್ಮ ತಂಡದ ಸರ್ವರ್‌ಗಳಲ್ಲಿ ಕೆಲವು ಡೆಬಿಯನ್ ಮೇಲೆ, ಉಳಿದವು ಫೆಡೋರಾ ಕುಟುಂಬದ ಲಿನಕ್ಸ್ ಡಿಸ್ಟ್ರೋಗಳ ಮೇಲೆ ನಡೆಯುತ್ತವೆ. ಇವುಗಳ ಅಧಿಕೃತ ರೆಪೊಸಿಟರಿಗಳಲ್ಲಿ ಸಿಗದ, ಅಥವಾ ಸಿಕ್ಕರೂ ನಮಗೆ ಬೇಕಾದ ಆವೃತ್ತಿಗಿಂತ ಹಿಂದೆ ಉಳಿದಿರುವ ಹಲವು ಮುಕ್ತ ತಂತ್ರಾಂಶಗಳನ್ನು ನಾವೇ ಡೆಬ್ (ಡೆಬಿಯನ್‌ನ ಪ್ಯಾಕೇಜ್) ಮತ್ತು ಆರ್‌ಪಿಎಂ (ಫೆಡೋರಾ ಕುಟುಂಬದ ಪ್ಯಾಕೇಜ್) ರೂಪದಲ್ಲಿ ಬಿಲ್ಡ್ ಮಾಡಿ ಒಳಗಿನ ರೆಪೊಸಿಟರಿಗೆ ಸೇರಿಸುತ್ತೇವೆ. ಸದ್ಯಕ್ಕೆ ಈ ಕೆಲಸವೆಲ್ಲ ನಾವೇ ಬರೆದುಕೊಂಡ ಶೆಲ್ ಸ್ಕ್ರಿಪ್ಟ್‌ಗಳ ಮೇಲೆ ನಿಂತಿದೆ. ಮೂಲ ಯೋಜನೆಯಿಂದ ಹೊಸ ಬಿಡುಗಡೆ ಬಂದಿದೆಯೇ ಎಂದು ಯಾರಾದರೊಬ್ಬರು ನೋಡಬೇಕು, ಟಾರ್‌ಬಾಲ್ (ಸೋರ್ಸ್ ಕೋಡ್‌ನ ಕಟ್ಟು) ಇಳಿಸಿಕೊಳ್ಳಬೇಕು, ಆವೃತ್ತಿಯ ಸಂಖ್ಯೆಯನ್ನು ಎರಡು ಮೂರು ಕಡೆ ತಿದ್ದಬೇಕು, ಬಿಲ್ಡ್ ಮಾಡಿ ಸಹಿ ಹಾಕಿ ಮೇಲೇರಿಸಬೇಕು. ಆ ಒಬ್ಬರು ರಜೆ ಹಾಕಿದರೆ ಪ್ಯಾಕೇಜ್‌ಗಳೂ ರಜೆ ಹಾಕಿದಂತೆಯೇ.

ಇದೇ ತಂತ್ರಾಂಶಗಳನ್ನು ಜಗತ್ತಿನಲ್ಲಿ ಇನ್ನೂ ಎಷ್ಟೋ ಜನ ಪ್ಯಾಕೇಜ್ ಮಾಡುತ್ತಿರುವುದರಿಂದ, ಅವರು ಬರೆದು ಹಂಚಿಕೊಂಡಿರುವ ಸ್ಕ್ರಿಪ್ಟ್‌ಗಳನ್ನೇ ಆಧಾರವಾಗಿಟ್ಟುಕೊಳ್ಳೋಣ ಎಂಬುದು ನಮ್ಮ ಯೋಚನೆ. ಆದರೆ ಗಿಟ್‌ಹಬ್‌ನಲ್ಲಿ ತಂತ್ರಾಂಶದ ಹೆಸರಿನ ಜೊತೆಗೆ ಸ್ಪೆಕ್ (ಆರ್‌ಪಿಎಂ ಬಿಲ್ಡ್‌ನ ಸೂಚನಾ ಕಡತ) ಎಂದೋ ಡೆಬಿಯನ್ ಎಂದೋ ಸೇರಿಸಿ ಹುಡುಕಿದರೆ ಒಂದೇ ಕಡತದ ಹತ್ತಾರು ನಕಲುಗಳು, ಅರ್ಧಕ್ಕೆ ಕೈಬಿಟ್ಟ ಪ್ರಯೋಗಗಳು, ಯಾವುದೋ ಕಾಲದ ಫೋರ್ಕ್‌ಗಳು ಎದುರಾಗುತ್ತವೆ. ಸ್ಟಾರ್‌ಗಳ ಸಂಖ್ಯೆ ನೋಡಿ ಆರಿಸೋಣ ಎಂದರೆ, ಇಂತಹ ರೆಪೊಗಳಿಗೆ ಸ್ಟಾರ್ ಕೊಡುವವರೇ ಇಲ್ಲ. ಕೊನೆಯ ಕಮಿಟ್‌ನ ದಿನಾಂಕವನ್ನೂ ನಂಬುವಂತಿಲ್ಲ, ಏಕೆಂದರೆ ಎಷ್ಟೋ ಕಡೆ ಮನುಷ್ಯರು ಬಿಟ್ಟು ಹೋದ ಮೇಲೂ ಬಾಟ್‌ಗಳು ಕಮಿಟ್ ಮಾಡುತ್ತಲೇ ಇರುತ್ತವೆ.

ಹೀಗಿರುವಾಗ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು? ಸಿಕ್ಕ ಸ್ಕ್ರಿಪ್ಟ್ ಈಗಲೂ ಕೆಲಸ ಮಾಡುತ್ತದೆಯೇ ಎಂಬುದನ್ನು ಬಿಲ್ಡ್ ಮಾಡಿ ನೋಡುವ ಮೊದಲೇ ಊಹಿಸಲು ದಾರಿ ಇದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ಕಡತಪಾಲ

ನೀವು ಗಿಟ್‌ಹಬ್‌ನ ಹುಡುಕಾಟದ ಪೆಟ್ಟಿಗೆಯಿಂದ ಆರಂಭಿಸಿರುವುದೇ ತೊಂದರೆಗೆ ಕಾರಣ. ಇಂದು ಯಾವುದಾದರೂ ಡಿಸ್ಟ್ರೋದಲ್ಲಿ ನಿಜವಾಗಿ ಬಿಲ್ಡ್ ಆಗುತ್ತಿರುವ ಪ್ಯಾಕೇಜ್ ಒಂದನ್ನು ಮೊದಲು ಹಿಡಿದು, ಅಲ್ಲಿಂದ ಹಿಂದಕ್ಕೆ ನಡೆದು ಅದರ ಸ್ಕ್ರಿಪ್ಟ್ ಇರುವ ಜಾಗವನ್ನು ತಲುಪಬೇಕು. ಹೀಗೆ ಮಾಡಿದರೆ ಕೆಲಸ ಮಾಡದ ಸ್ಕ್ರಿಪ್ಟ್‌ಗಳಲ್ಲಿ ಬಹುಪಾಲು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಮೊದಲ ಹೆಜ್ಜೆ ರಿಪಾಲಜಿ. ನೂರಕ್ಕೂ ಹೆಚ್ಚು ಪ್ಯಾಕೇಜ್ ರೆಪೊಸಿಟರಿಗಳನ್ನು ಒಟ್ಟಿಗೆ ಗಮನಿಸುವ ಈ ತಾಣದಲ್ಲಿ ತಂತ್ರಾಂಶದ ಹೆಸರು ಕೊಟ್ಟರೆ ಯಾವ ಡಿಸ್ಟ್ರೋದಲ್ಲಿ ಯಾವ ಆವೃತ್ತಿ ಇದೆ, ಯಾವುದು ಹಿಂದುಳಿದಿದೆ ಎಂಬುದು ಒಂದೇ ಪುಟದಲ್ಲಿ ಕಾಣುತ್ತದೆ; ಬಹಳಷ್ಟು ಕಡೆ ಬಿಲ್ಡ್ ಸ್ಕ್ರಿಪ್ಟ್‌ಗೆ ನೇರ ಕೊಂಡಿಯೂ ಇರುತ್ತದೆ. ನಿಮಗೆ ಬೇಕಾದದ್ದು ಡೆಬ್ ಮತ್ತು ಆರ್‌ಪಿಎಂ ಆದರೂ ಆರ್ಚ್, ಆಲ್ಪೈನ್, ನಿಕ್ಸ್ ಸಾಲುಗಳನ್ನು ಬಿಡಬೇಡಿ. ಆರ್ಚ್‌ನ ಪಿಕೆಜಿಬಿಲ್ಡ್ ಕಡತ ಸರಳವಾದ ಶೆಲ್ ಸ್ಕ್ರಿಪ್ಟ್ ಆಗಿರುವುದರಿಂದ, ಈ ತಂತ್ರಾಂಶವನ್ನು ಕಾಂಪೈಲ್ ಮಾಡಲು ಯಾವ ಆಯ್ಕೆಗಳನ್ನು ಕೊಡಬೇಕು, ಯಾವ ಲೈಬ್ರರಿಗಳು ಬೇಕು ಎಂಬುದು ಅದರಲ್ಲಿ ಓದಿದಷ್ಟು ಸುಲಭವಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ಡೆಬಿಯನ್‌ನಲ್ಲಿರುವ ಪ್ಯಾಕೇಜ್ ಆದರೆ ದಾರಿ ಇನ್ನೂ ಸುಗಮ. ಪ್ರತಿ ಸೋರ್ಸ್ ಪ್ಯಾಕೇಜ್‌ನ ಕಂಟ್ರೋಲ್ ಕಡತದಲ್ಲಿ ಪ್ಯಾಕೇಜಿಂಗ್ ಕೆಲಸ ನಡೆಯುವ ಗಿಟ್ ರೆಪೊಸಿಟರಿಯ ವಿಳಾಸವನ್ನು ಬರೆಯುವ ರೂಢಿ ಇದೆ, ಮತ್ತು ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್‌ನಲ್ಲಿ ಬರುವ ಡೆಬ್‌ಚೆಕ್ಔಟ್ ಆಜ್ಞೆಗೆ ಪ್ಯಾಕೇಜ್‌ನ ಹೆಸರನ್ನಷ್ಟೇ ಕೊಟ್ಟರೆ ಆ ರೆಪೊ ನಿಮ್ಮ ಯಂತ್ರಕ್ಕೆ ಇಳಿಯುತ್ತದೆ. ಈ ರೆಪೊಗಳಲ್ಲಿ ಹೆಚ್ಚಿನವು ಸಲ್ಸಾ ಎಂಬ ಡೆಬಿಯನ್‌ನದೇ ಗಿಟ್‌ಲ್ಯಾಬ್ ಸರ್ವರ್‌ನಲ್ಲಿವೆ. ಅದು 2018ರಲ್ಲಿ ಅಲಿಯೊತ್ ಎಂಬ ಹಳೆಯ ಸರ್ವರ್‌ನ ಸ್ಥಾನಕ್ಕೆ ಬಂದಿತು. ಹಾಗಾಗಿ ಯಾವುದಾದರೂ ಲೇಖನ ನಿಮ್ಮನ್ನು ಅಲಿಯೊತ್‌ಗೆ ಕಳುಹಿಸುತ್ತಿದ್ದರೆ ಆ ಲೇಖನದ ಉಳಿದ ಸಲಹೆಗಳನ್ನೂ ಅಷ್ಟೇ ಹಳೆಯವೆಂದು ತಿಳಿಯಬಹುದು. ಆರ್ಚ್‌ನ ವಿಷಯದಲ್ಲಿಯೂ ಹೀಗೆಯೇ. ಅವರು 2023ರ ಮೇ ತಿಂಗಳಿನಲ್ಲಿ ಸಬ್‌ವರ್ಷನ್‌ನಿಂದ ತಮ್ಮ ಗಿಟ್‌ಲ್ಯಾಬ್‌ಗೆ ಸಾಗಿದರು, ಆದರೆ ಗಿಟ್‌ಹಬ್‌ನಲ್ಲಿದ್ದ ಹಳೆಯ ಪ್ರತಿಗೆ ಈಗಲೂ ಕೊಂಡಿಗಳು ಓಡಾಡುತ್ತಿವೆ ಮತ್ತು ಅದರಲ್ಲಿ ಕಾಲ ಅಲ್ಲಿಗೇ ನಿಂತಿದೆ.

ಒಂದು ನಿರ್ದಿಷ್ಟ ತೊಡಕನ್ನು ಇತರರು ಹೇಗೆ ಬಿಡಿಸಿದ್ದಾರೆ ಎಂದು ನೋಡಬೇಕಾದಾಗ ಡೆಬಿಯನ್ ಕೋಡ್ ಸರ್ಚ್ ಬಹಳ ಉಪಯುಕ್ತ. ಡೆಬಿಯನ್‌ನ ಸಮಸ್ತ ಸೋರ್ಸ್ ಕೋಡ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಕೊಟ್ಟು ಹುಡುಕಬಹುದು, ಮತ್ತು ಹುಡುಕಾಟವನ್ನು ಡೆಬಿಯನ್ ಫೋಲ್ಡರ್‌ನ (ಪ್ಯಾಕೇಜಿಂಗ್ ಕಡತಗಳಿರುವ ಫೋಲ್ಡರ್), ಬಿಲ್ಡ್‌ನ ಹಂತಗಳನ್ನು ಹೇಳುವ ರೂಲ್ಸ್ ಕಡತಗಳಿಗೆ ಮಾತ್ರ ಸೀಮಿತಗೊಳಿಸಬಹುದು. ಉದಾಹರಣೆಗೆ, ಪರೀಕ್ಷೆಗಳು ಬಿಲ್ಡ್ ಸಮಯದಲ್ಲಿ ಇಂಟರ್ನೆಟ್ ಸಂಪರ್ಕ ಕೇಳಿ ವಿಫಲವಾಗುತ್ತಿದ್ದರೆ, ಪರೀಕ್ಷೆಯ ಹಂತವನ್ನು ಬದಲಾಯಿಸಿರುವ ರೂಲ್ಸ್ ಕಡತಗಳನ್ನು ಹುಡುಕಿದಾಗ ಅದೇ ಭಾಷೆಯ, ಅದೇ ಪರೀಕ್ಷಾ ಸಾಧನದ ಎಷ್ಟೋ ಉದಾಹರಣೆಗಳು ಸಿಗುತ್ತವೆ. ಅವೆಲ್ಲವೂ ಡೆಬಿಯನ್‌ನ ಬಿಲ್ಡ್ ಯಂತ್ರಗಳನ್ನು ದಾಟಿ ಬಂದವು ಎಂಬುದು ಅವುಗಳ ಹೆಚ್ಚುಗಾರಿಕೆ.

ಗಿಟ್‌ಹಬ್‌ನಲ್ಲೇ ಹುಡುಕುವುದಾದರೆ ಒಂದು ಮಿತಿ ತಿಳಿದಿರಲಿ. ಅಲ್ಲಿನ ಕೋಡ್ ಸರ್ಚ್ ಪ್ರತಿ ರೆಪೊಸಿಟರಿಯ ಡೀಫಾಲ್ಟ್ ಬ್ರಾಂಚ್ ಅನ್ನು ಮಾತ್ರ ಇಂಡೆಕ್ಸ್ ಮಾಡುತ್ತದೆ. ಆದರೆ ಡೆಬಿಯನ್ ಪ್ಯಾಕೇಜಿಂಗ್ ಮಾಡುವ ಅನೇಕರು ಮೂಲ ಕೋಡ್ ಅನ್ನು ಒಂದು ಬ್ರಾಂಚ್‌ನಲ್ಲೂ ಡೆಬಿಯನ್ ಫೋಲ್ಡರ್ ಅನ್ನು ಇನ್ನೊಂದು ಬ್ರಾಂಚ್‌ನಲ್ಲೂ ಇಡುತ್ತಾರೆ. ಎಯುಆರ್‌ನ (ಆರ್ಚ್ ಬಳಕೆದಾರರು ಹಾಕುವ ಪಿಕೆಜಿಬಿಲ್ಡ್‌ಗಳ ಸಂಗ್ರಹ) ಗಿಟ್‌ಹಬ್ ಪ್ರತಿಯಲ್ಲಂತೂ ಪ್ರತಿಯೊಂದು ಪ್ಯಾಕೇಜ್‌ಗೂ ಒಂದೊಂದು ಬ್ರಾಂಚ್. ಆದ್ದರಿಂದ ಹುಡುಕಾಟ ಬರಿಗೈಯಲ್ಲಿ ಮರಳಿದರೆ ಅಂತಹ ಸ್ಕ್ರಿಪ್ಟ್ ಇಲ್ಲ ಎಂಬ ತೀರ್ಮಾನಕ್ಕೆ ಬರಬಾರದು. ಮೂಲ ಯೋಜನೆಯ ರೆಪೊ ತೆರೆದು ಬ್ರಾಂಚ್‌ಗಳ ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡಿ.

ಉತ್ತರ: ಸ್ಪೆಕ್‌ಸಂಗಾತಿ

ಆರ್‌ಪಿಎಂ ಕಡೆಯ ವಿವರ ಸೇರಿಸುತ್ತೇನೆ. ಫೆಡೋರಾದ ಎಲ್ಲ ಸ್ಪೆಕ್ ಕಡತಗಳೂ ಅದರ ಡಿಸ್ಟ್‌ಗಿಟ್ ತಾಣದಲ್ಲಿ, ಪ್ಯಾಕೇಜ್‌ಗೆ ಒಂದರಂತೆ ರೆಪೊಗಳಾಗಿ ಇವೆ. ಫೆಡೋರಾದ ಪ್ರತಿ ಬಿಡುಗಡೆಗೂ ಅದರೊಳಗೆ ಪ್ರತ್ಯೇಕ ಬ್ರಾಂಚ್ ಇರುತ್ತದೆ, ಎಪೆಲ್‌ನಲ್ಲಿ (ಎಂಟರ್‌ಪ್ರೈಸ್ ಲಿನಕ್ಸ್‌ಗಾಗಿ ಫೆಡೋರಾದವರು ಕಟ್ಟುವ ಹೆಚ್ಚುವರಿ ಪ್ಯಾಕೇಜ್‌ಗಳು) ಇರುವ ಪ್ಯಾಕೇಜ್ ಆದರೆ ಅದಕ್ಕೂ ಬೇರೆಯೇ ಬ್ರಾಂಚ್ ಇರುತ್ತದೆ. ನಿಮ್ಮ ಸರ್ವರ್‌ಗಳು ಎಂಟರ್‌ಪ್ರೈಸ್ ಮಾದರಿಯವಾದರೆ ಎಪೆಲ್ ಬ್ರಾಂಚ್ ಅನ್ನೇ ತೆಗೆದುಕೊಳ್ಳಿ. ಮುಖ್ಯ ಬ್ರಾಂಚ್‌ನ ಸ್ಪೆಕ್ ಅನ್ನು ಹೊತ್ತು ತಂದವರು ಮೊದಲು ಎಡವುವುದು ಸಾಮಾನ್ಯವಾಗಿ ರಿಲೀಸ್ ಮತ್ತು ಚೇಂಜ್‌ಲಾಗ್ ಸಾಲುಗಳಲ್ಲಿ: ಅಲ್ಲಿ ಸಂಖ್ಯೆ, ದಿನಾಂಕಗಳ ಬದಲು ಆಟೊರಿಲೀಸ್, ಆಟೊಚೇಂಜ್‌ಲಾಗ್ ಎಂಬ ಮ್ಯಾಕ್ರೋಗಳಿರುತ್ತವೆ. ಫೆಡೋರಾದ ವ್ಯವಸ್ಥೆ ಅವುಗಳನ್ನು ಗಿಟ್ ಇತಿಹಾಸ ಓದಿ ತುಂಬಿಸುತ್ತದೆ. ಆ ಮ್ಯಾಕ್ರೋಗಳಿಲ್ಲದ ಯಂತ್ರದಲ್ಲಿ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಆ ಎರಡು ಸಾಲುಗಳನ್ನು ಕೈಯಿಂದ ಬರೆದುಬಿಟ್ಟರೆ ಉಳಿದದ್ದು ಬಹುಮಟ್ಟಿಗೆ ಸರಿಹೋಗುತ್ತದೆ.

ಮೂಲ ಯೋಜನೆಯವರೇ ಆರ್‌ಪಿಎಂ ಬಗ್ಗೆ ಕಾಳಜಿ ವಹಿಸುತ್ತಾರೆಯೇ ಎಂದು ತಿಳಿಯಲು ಅವರ ರೆಪೊದಲ್ಲಿ ಪ್ಯಾಕಿಟ್ ಎಂಬ ಸ್ವಯಂಚಾಲನಾ ಸಾಧನದ ಸಂರಚನಾ ಕಡತ ಇದೆಯೇ ಎಂದು ನೋಡಿ. ಇದ್ದರೆ ಆರ್‌ಪಿಎಂ ಬಿಲ್ಡ್ ಮಾಡಿ ನೋಡುವ, ಅಥವಾ ಹೊಸ ಬಿಡುಗಡೆಯನ್ನು ಫೆಡೋರಾಕ್ಕೆ ತಲುಪಿಸುವ ಕೆಲಸವನ್ನು ಅವರು ಆಗಲೇ ಯಂತ್ರಕ್ಕೆ ವಹಿಸಿದ್ದಾರೆ ಎಂದರ್ಥ. ಹೊಸ ಬಿಡುಗಡೆ ಬಂದಿದೆಯೇ ಎಂದು ಕಾಯುವ ಕೆಲಸಕ್ಕೂ ನೀವು ಸ್ಕ್ರಿಪ್ಟ್ ಬರೆಯಬೇಕಿಲ್ಲ. ಫೆಡೋರಾದ ರಿಲೀಸ್ ಮಾನಿಟರಿಂಗ್ ತಾಣವಿದೆ, ಅದು ಬೇಡವೆಂದರೆ ಎನ್‌ವಿಚೆಕರ್ ಎಂಬ ಪುಟ್ಟ ಸಾಧನವಿದೆ.

ಡೆಬ್ ಮತ್ತು ಆರ್‌ಪಿಎಂ ಎರಡನ್ನೂ ಒಂದೇ ಜಾಗದಲ್ಲಿ ಬಿಲ್ಡ್ ಮಾಡುವ ಉದಾಹರಣೆಗಳು ಬೇಕಿದ್ದರೆ ಓಪನ್‌ಸೂಸೆಯ ಓಪನ್ ಬಿಲ್ಡ್ ಸರ್ವಿಸ್‌ನಲ್ಲಿ ಹುಡುಕಿ. ಅಲ್ಲಿ ಒಂದೇ ಪ್ರಾಜೆಕ್ಟ್ ಒಳಗೆ ಸ್ಪೆಕ್ ಕಡತವೂ ಡೆಬಿಯನ್‌ನ ಕಡತಗಳೂ ಅಕ್ಕಪಕ್ಕದಲ್ಲಿದ್ದು, ಗಿಟ್‌ನಿಂದ ಕೋಡ್ ತಂದು ಆವೃತ್ತಿ ತುಂಬಿಸುವ ಸರ್ವಿಸ್ ಕಡತವೂ ಜೊತೆಗಿರುತ್ತದೆ. ಆದರೆ ಅಲ್ಲಿ ಯಾರು ಬೇಕಾದರೂ ತಮ್ಮ ಹೋಂ ಪ್ರಾಜೆಕ್ಟ್ ತೆರೆಯಬಹುದಾದ್ದರಿಂದ, ಹೋಂ ಎಂದು ಆರಂಭವಾಗುವವನ್ನು ಬಿಟ್ಟು ಡೆವೆಲ್ ಪ್ರಾಜೆಕ್ಟ್‌ಗಳನ್ನು ಮೊದಲು ನೋಡುವುದು ಒಳ್ಳೆಯದು.

ಗೋ ಅಥವಾ ರಸ್ಟ್‌ನಲ್ಲಿ ಬರೆದ, ಒಂದೇ ಬೈನರಿಯಾಗಿ ಬರುವ ಸಾಧನಗಳಿಗೆ ಮಾತ್ರ ನಾನು ಈ ಯಾವ ದಾರಿಯನ್ನೂ ಹಿಡಿಯುವುದಿಲ್ಲ. ಎನ್ಎಫ್‌ಪಿಎಂಗೆ ಒಂದು ಚಿಕ್ಕ ಯಾಮಲ್ ಕಡತ ಬರೆದರೆ ಸಿದ್ಧ ಬೈನರಿಯನ್ನು ಡೆಬ್ ಆಗಿಯೂ ಆರ್‌ಪಿಎಂ ಆಗಿಯೂ ಕಟ್ಟಿಕೊಡುತ್ತದೆ. ಇತರರ ನೂರು ಸಾಲಿನ ಸ್ಕ್ರಿಪ್ಟ್ ಓದುವುದಕ್ಕಿಂತ ನಮ್ಮ ಇಪ್ಪತ್ತು ಸಾಲು ಬರೆಯುವುದು ಬೇಗ ಮುಗಿಯುತ್ತದೆ. ಕಡತಪಾಲರು ಇದನ್ನು ಒಪ್ಪಲಾರರು ಎಂದು ಗೊತ್ತು.

ಉತ್ತರ: ಕಡತಪಾಲ

ಒಳಗಿನ ಬಳಕೆಗೆ ನನ್ನ ಆಕ್ಷೇಪವಿಲ್ಲ. ಎನ್ಎಫ್‌ಪಿಎಂ ಸೋರ್ಸ್‌ನಿಂದ ಏನನ್ನೂ ಕಾಂಪೈಲ್ ಮಾಡುವುದಿಲ್ಲ, ಕೊಟ್ಟದ್ದನ್ನು ಕಟ್ಟುತ್ತದೆ ಅಷ್ಟೆ, ಎಂಬುದು ನೆನಪಿದ್ದರೆ ಸಾಕು. ಬೈನರಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ಪೂರ್ತಿಯಾಗಿ ನಿಮ್ಮ ಮೇಲೆಯೇ ಉಳಿಯುತ್ತದೆ.

ಸ್ಕ್ರಿಪ್ಟ್ ಈಗಲೂ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಮೊದಲ ಉತ್ತರದಲ್ಲಿ ಜಾಗ ಕೊಡಲಾಗಲಿಲ್ಲ. ನಾನು ದಿನಾಂಕ ನೋಡುವುದಿಲ್ಲ. ಕಡತದೊಳಗೆ, ಈಗ ಇಲ್ಲವಾಗಿರುವ ವಸ್ತುಗಳ ಹೆಸರುಗಳಿವೆಯೇ ಎಂದು ನೋಡುತ್ತೇನೆ. ಟ್ರಾವಿಸ್ ಸಿಐನ (ಕೋಡ್ ಅನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಸೇವೆ) ಸಂರಚನಾ ಕಡತವೊಂದೇ ಇದ್ದು ಬೇರೆ ಸಿಐ ಇಲ್ಲದ ರೆಪೊ ಬಹುತೇಕ 2021ಕ್ಕಿಂತ ಹಿಂದಿನದು, ಏಕೆಂದರೆ ಮುಕ್ತ ಯೋಜನೆಗಳು ಉಚಿತವಾಗಿ ಬಳಸುತ್ತಿದ್ದ ಅದರ ಹಳೆಯ ತಾಣ ಆ ವರ್ಷದ ಜೂನ್‌ನಲ್ಲಿ ಮುಚ್ಚಿತು. ಗಿಟ್‌ಹಬ್ ಆಕ್ಷನ್ಸ್‌ನ ವರ್ಕ್‌ಫ್ಲೋದಲ್ಲಿ ಉಬುಂಟು 18.04ರ ರನ್ನರ್ (ಬಿಲ್ಡ್ ಓಡಿಸುವ ಯಂತ್ರ) ಹೆಸರಿದ್ದರೆ ಅದು 2023ರ ಏಪ್ರಿಲ್‌ನಿಂದ ಓಡಿಲ್ಲ, 20.04 ಎಂದಿದ್ದರೆ 2025ರ ಏಪ್ರಿಲ್‌ನಿಂದ ಓಡಿಲ್ಲ. ಬಿಲ್ಡ್ ಆದ ಕಡತಗಳನ್ನು ಮೇಲೇರಿಸುವ ಅಪ್‌ಲೋಡ್ ಆರ್ಟಿಫ್ಯಾಕ್ಟ್ ಆಕ್ಷನ್‌ನ ಮೂರನೆಯ ಆವೃತ್ತಿ 2025ರ ಜನವರಿ ಕೊನೆಯಲ್ಲಿ ನಿಂತಿತು. ಬಾಟ್‌ಗಳು ನಿನ್ನೆಯಷ್ಟೇ ಕಮಿಟ್ ಮಾಡಿದ್ದರೂ ಈ ಗುರುತುಗಳು ಸುಳ್ಳು ಹೇಳುವುದಿಲ್ಲ.

ಡೆಬಿಯನ್ ಫೋಲ್ಡರ್‌ನಲ್ಲಿ ನಾನು ಮೊದಲು ತೆರೆಯುವುದು ವಾಚ್ ಕಡತವನ್ನು. ಮೂಲ ಯೋಜನೆಯ ಹೊಸ ಆವೃತ್ತಿ ಎಲ್ಲಿ ಪ್ರಕಟವಾಗುತ್ತದೆ ಎಂಬುದನ್ನು ಯುಸ್ಕ್ಯಾನ್ ಎಂಬ ಆಜ್ಞೆಗೆ ತಿಳಿಸುವ ಈ ಕಡತ ಸಾಮಾನ್ಯವಾಗಿ ಎರಡು ಮೂರು ಸಾಲಿನದು. ಅದರಲ್ಲಿ ಗಿಟ್‌ಹಬ್‌ನ ರಿಲೀಸಸ್ ಪುಟದ ವಿಳಾಸ ಇದ್ದು, ಆ ಪುಟದಲ್ಲಿ ಟಾರ್‌ಬಾಲ್‌ನ ಕೊಂಡಿಯನ್ನು ಹುಡುಕುವಂತೆ ಬರೆದಿದ್ದರೆ, ಆ ಪ್ಯಾಕೇಜ್ ಅನ್ನು 2022ರ ನಂತರ ಯಾರೂ ಸರಿಯಾಗಿ ನೋಡಿಕೊಂಡಿಲ್ಲ ಎಂದು ನಾನು ಅನುಮಾನಿಸುತ್ತೇನೆ. ಆ ವರ್ಷ ಗಿಟ್‌ಹಬ್ ತನ್ನ ಪುಟವನ್ನು ಬದಲಾಯಿಸಿ ಕಡತಗಳ ಪಟ್ಟಿಯನ್ನು ಆಮೇಲೆ ಪ್ರತ್ಯೇಕವಾಗಿ ತುಂಬಿಸತೊಡಗಿತು. ಪುಟದ ಎಚ್‌ಟಿಎಂಎಲ್ ಅನ್ನಷ್ಟೇ ಓದುವ ಯುಸ್ಕ್ಯಾನ್‌ಗೆ ಕೊಂಡಿಗಳು ಕಾಣದಾದವು. ಪ್ಯಾಕೇಜ್‌ಗಳನ್ನು ನಿಜವಾಗಿ ನಿರ್ವಹಿಸುತ್ತಿದ್ದವರು ಆಗ ಟ್ಯಾಗ್ಸ್ ಪುಟಕ್ಕೋ ಎಪಿಐಗೋ ಬದಲಾಯಿಸಿಕೊಂಡರು.

ಸಲ್ಸಾದಲ್ಲಿ ನೋಡಬೇಕಾದ ಇನ್ನೊಂದು ವಸ್ತುವಿದೆ. ನೀವು ಕೇಳುತ್ತಿರುವ ಹಂಚಿಕೊಂಡ ಸ್ಕ್ರಿಪ್ಟ್ ಎಂಬ ಮಾತಿಗೆ ಅತ್ಯಂತ ಹತ್ತಿರವಾದದ್ದು ಸಲ್ಸಾ ಸಿಐ ತಂಡದ ಪೈಪ್‌ಲೈನ್. ಪ್ಯಾಕೇಜ್‌ನ ರೆಪೊದಲ್ಲಿ ಕೆಲವೇ ಸಾಲಿನ ಒಂದು ಯಾಮಲ್ ಕಡತವಿಟ್ಟು ಆ ಪೈಪ್‌ಲೈನ್ ಅನ್ನು ಇನ್‌ಕ್ಲೂಡ್ ಮಾಡಿಕೊಂಡರೆ ಬಿಲ್ಡ್, ಪ್ಯಾಕೇಜಿಂಗ್ ತಪ್ಪುಗಳನ್ನು ಹಿಡಿಯುವ ಲಿಂಟಿಯನ್ ತಪಾಸಣೆ, ಬಿಲ್ಡ್ ಆದ ಪ್ಯಾಕೇಜ್ ಅನ್ನು ಪರೀಕ್ಷಿಸುವ ಆಟೊಪಿಕೆಜಿಟೆಸ್ಟ್, ಇನ್‌ಸ್ಟಾಲ್ ಮಾಡಿ ತೆಗೆದು ನೋಡುವ ಪ್ಯೂಪಾರ್ಟ್ಸ್, ಎರಡು ಬಾರಿ ಬಿಲ್ಡ್ ಮಾಡಿ ಹೋಲಿಸುವ ರಿಪ್ರೊಟೆಸ್ಟ್ ಎಲ್ಲವೂ ಓಡುತ್ತವೆ. ನಿಮ್ಮ ಸ್ವಂತ ಗಿಟ್‌ಲ್ಯಾಬ್‌ನಲ್ಲಿಯೂ ಅದನ್ನು ಬಳಸಬಹುದು, ಆದರೆ ಅದು ಸಲ್ಸಾದ ರಿಜಿಸ್ಟ್ರಿಯಲ್ಲಿರುವ ಕಂಟೈನರ್ ಇಮೇಜ್‌ಗಳನ್ನು ಬಳಸುವುದರಿಂದ ನಿಮ್ಮ ರನ್ನರ್‌ಗೆ ಹೊರಗಿನ ಸಂಪರ್ಕ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಬಿಲ್ಡ್‌ಮನೆ

ಇಬ್ಬರಿಗೂ ಧನ್ಯವಾದಗಳು. ರಿಪಾಲಜಿಯ ಮೂಲಕ ಹೋದಾಗ ನಮ್ಮ ಪಟ್ಟಿಯ ಬಹುಪಾಲು ತಂತ್ರಾಂಶಗಳಿಗೆ ಸ್ಕ್ರಿಪ್ಟ್ ಸಿಕ್ಕಿದೆ. ಉಳಿದ ಕೆಲವು ಎಯುಆರ್‌ನಲ್ಲಿ ಮಾತ್ರ ಇವೆ. ಇಲ್ಲಿ ಎರಡು ಸಂದೇಹಗಳು ಬಂದಿವೆ. ಇತರರ ಸ್ಕ್ರಿಪ್ಟ್ ಅನ್ನು ನಮ್ಮ ರೆಪೊಗೆ ನಕಲು ಮಾಡಿಕೊಳ್ಳಬೇಕೋ ಅಥವಾ ಸಲ್ಸಾ ಸಿಐ ರೀತಿಯಲ್ಲಿ ಅವರ ರೆಪೊದಿಂದಲೇ ಪ್ರತಿ ಬಾರಿ ತರಿಸಿಕೊಳ್ಳಬೇಕೋ? ಎಯುಆರ್‌ನಲ್ಲಿರುವುದನ್ನು ಆಧಾರವಾಗಿ ಇಟ್ಟುಕೊಳ್ಳುವುದು ಎಷ್ಟು ಸುರಕ್ಷಿತ?

ಉತ್ತರ: ಹ್ಯಾಶ್‌ಕಾವಲು

ನಕಲು ಮಾಡಿಕೊಳ್ಳಿ. ಪ್ರತಿ ಬಾರಿ ತರಿಸಿಕೊಳ್ಳಲೇಬೇಕಾದರೆ ಟ್ಯಾಗ್ ಅಥವಾ ಬ್ರಾಂಚ್‌ನ ಹೆಸರಿನಿಂದ ತರಿಸಿಕೊಳ್ಳಬೇಡಿ; 40 ಅಕ್ಷರಗಳ ಪೂರ್ಣ ಕಮಿಟ್ ಹ್ಯಾಶ್ ಅನ್ನೇ ಬರೆಯಿರಿ. ಟ್ಯಾಗ್ ಎಂಬುದನ್ನು ರೆಪೊದ ಒಡೆಯರು, ಅಥವಾ ಅವರ ಕೀಲಿ ಕದ್ದವರು, ಯಾವಾಗ ಬೇಕಾದರೂ ಬೇರೆ ಕಮಿಟ್‌ಗೆ ತಿರುಗಿಸಬಹುದು. 2025ರ ಮಾರ್ಚ್‌ನಲ್ಲಿ ಟಿಜೆ ಆಕ್ಷನ್ಸ್‌ನ ಚೇಂಜ್ಡ್ ಫೈಲ್ಸ್ ಎಂಬ ಆಕ್ಷನ್‌ಗೆ ಆದದ್ದು ಇದೇ: ಹಳೆಯ ಟ್ಯಾಗ್‌ಗಳನ್ನೆಲ್ಲ ಒಂದು ದುರುದ್ದೇಶದ ಕಮಿಟ್ ಕಡೆಗೆ ತಿರುಗಿಸಲಾಗಿತ್ತು, ಮತ್ತು ಅದು ಬಿಲ್ಡ್ ಯಂತ್ರದ ಗುಟ್ಟುಗಳನ್ನು ಲಾಗ್‌ನಲ್ಲಿ ಮುದ್ರಿಸುತ್ತಿತ್ತು. ಆ ಆಕ್ಷನ್ ಅನ್ನು 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಬಳಸುತ್ತಿದ್ದವು. ಸುರಕ್ಷಿತವಾದ ಹಳೆಯ ಕಮಿಟ್‌ನ ಹ್ಯಾಶ್ ಬರೆದಿಟ್ಟವರಿಗೆ ಏನೂ ಆಗಲಿಲ್ಲ. ಪ್ಯಾಕೇಜ್ ಬಿಲ್ಡ್ ಮಾಡುವ ಯಂತ್ರದಲ್ಲಿ ಸಹಿಯ ಕೀಲಿಯೂ ಇರುವುದೇ ಹೆಚ್ಚಾದ್ದರಿಂದ ನಿಮಗೆ ಈ ಎಚ್ಚರಿಕೆ ಇತರರಿಗಿಂತ ಹೆಚ್ಚು ಅಗತ್ಯ. ಬಿಲ್ಡ್ ಮಾಡುವ ಯಂತ್ರ ಒಂದು, ಸಹಿ ಹಾಕುವ ಯಂತ್ರ ಇನ್ನೊಂದು ಎಂದು ಬೇರ್ಪಡಿಸಿದರೆ ಇನ್ನೂ ಒಳ್ಳೆಯದು.

ಎಯುಆರ್ ಬಗ್ಗೆ: ಅದು ಬಳಕೆದಾರರು ತಾವೇ ಹಾಕಿದ ಕಡತಗಳ ಸಂಗ್ರಹ, ಆರ್ಚ್‌ನವರೇ ಅದನ್ನು ನಿಮ್ಮ ಹೊಣೆಯ ಮೇಲೆ ಬಳಸಿ ಎಂದು ಹೇಳುತ್ತಾರೆ. ನಿರ್ವಾಹಕರು ಬಿಟ್ಟುಹೋದ ಪ್ಯಾಕೇಜ್ ಅನ್ನು ಬೇರೊಬ್ಬರು ವಹಿಸಿಕೊಳ್ಳುವ ಅವಕಾಶ ಅಲ್ಲಿದೆ. 2018ರ ಜುಲೈನಲ್ಲಿ ಹೀಗೆ ಅನಾಥವಾಗಿದ್ದ ಅಕ್ರೋರೀಡ್ ಪ್ಯಾಕೇಜ್ ಅನ್ನು ವಹಿಸಿಕೊಂಡವರೊಬ್ಬರು, ಹೊರಗಿನ ತಾಣದಿಂದ ಸ್ಕ್ರಿಪ್ಟ್ ತಂದು ಓಡಿಸುವ ಸಾಲನ್ನು ಅದಕ್ಕೆ ಸೇರಿಸಿದ್ದರು. 2025ರ ಜುಲೈನಲ್ಲಿ ಬ್ರೌಸರ್‌ಗಳ ಹೆಸರಿನ ಮೂರು ಪ್ಯಾಕೇಜ್‌ಗಳು ದೂರನಿಯಂತ್ರಣದ ಮಾಲ್‌ವೇರ್ ಹೊತ್ತು ಬಂದವು. ಅವುಗಳ ಪಿಕೆಜಿಬಿಲ್ಡ್‌ನಲ್ಲಿ ಕಣ್ಣಿಗೆ ಹೊಡೆಯುವಂಥದ್ದೇನೂ ಇರಲಿಲ್ಲ; ಸೋರ್ಸ್ ಪಟ್ಟಿಯಲ್ಲಿ ಪ್ಯಾಚಸ್ ಎಂಬ ಹೆಸರಿನ ಒಂದು ಗಿಟ್ ಕೊಂಡಿ ಇತ್ತು, ಅಷ್ಟೆ. ಪ್ಯಾಕೇಜಿಂಗ್‌ನಲ್ಲಿ ಪ್ಯಾಚ್ ಇರುವುದು ಸಹಜವಾದ್ದರಿಂದ ಓದುವವರ ಕಣ್ಣು ಅದರ ಮೇಲೆ ಜಾರಿ ಹೋಗುತ್ತದೆ.

ಹಾಗಾಗಿ ನಾನು ಪಿಕೆಜಿಬಿಲ್ಡ್ ಅನ್ನು ಓದಲು ಆರಂಭಿಸುವುದೇ ಸೋರ್ಸ್ ಪಟ್ಟಿಯಿಂದ. ಅಲ್ಲಿರುವ ಪ್ರತಿ ವಿಳಾಸವೂ ಮೂಲ ಯೋಜನೆಯದೇ, ಅಥವಾ ಯಾವುದೋ ಅಪರಿಚಿತ ಖಾತೆಯದೇ ಎಂದು ನೋಡುತ್ತೇನೆ. ನಂತರ ಚೆಕ್‌ಸಮ್ ಪಟ್ಟಿ: ಟಾರ್‌ಬಾಲ್‌ನ ಎದುರು ಹ್ಯಾಶ್ ಇರಬೇಕಾದ ಜಾಗದಲ್ಲಿ ಸ್ಕಿಪ್ ಎಂದು ಬರೆದಿದ್ದರೆ ಅದನ್ನು ಬಳಸುವುದಿಲ್ಲ; ಗಿಟ್‌ನ ಬ್ರಾಂಚ್‌ನಿಂದ ನೇರ ತರುವ ಪ್ಯಾಕೇಜ್‌ಗಳಲ್ಲಿ ಅದು ಸಾಮಾನ್ಯವಾದರೂ, ಬಿಡುಗಡೆಯಾದ ಟಾರ್‌ಬಾಲ್‌ಗೆ ಹಾಗೆ ಬರೆಯಲು ಒಳ್ಳೆಯ ಕಾರಣವಿಲ್ಲ. ಕೊನೆಯದಾಗಿ ಪಕ್ಕದಲ್ಲಿ ಇನ್‌ಸ್ಟಾಲ್ ಎಂಬ ವಿಸ್ತರಣೆಯ ಕಡತವಿದ್ದರೆ ಅದನ್ನು ಪೂರ್ತಿ ಓದುತ್ತೇನೆ, ಏಕೆಂದರೆ ಅದರಲ್ಲಿರುವುದು ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ರೂಟ್ ಅಧಿಕಾರದಲ್ಲಿ ಓಡುತ್ತದೆ. ಡೆಬಿಯನ್‌ನಲ್ಲಿ ಪೋಸ್ಟ್‌ಇನ್‌ಸ್ಟ್, ಆರ್‌ಪಿಎಂನಲ್ಲಿ ಪೋಸ್ಟ್ ವಿಭಾಗ ಇದಕ್ಕೆ ಸಮ. ಎಯುಆರ್‌ನಿಂದ ಕಾಂಪೈಲ್ ಮಾಡುವ ಕ್ರಮವನ್ನು ಕಲಿಯಿರಿ, ವಿಳಾಸಗಳನ್ನು ಮಾತ್ರ ನೀವೇ ಮೂಲ ಯೋಜನೆಯ ಪುಟದಿಂದ ತೆಗೆದುಕೊಂಡು ಬರೆಯಿರಿ ಎಂಬುದು ನನ್ನ ಸಲಹೆ.

ಸ್ಕ್ರಿಪ್ಟ್ ಶುದ್ಧವಾಗಿದ್ದರೂ ಅದು ತರುವ ಟಾರ್‌ಬಾಲ್ ಶುದ್ಧವಾಗಿರಬೇಕೆಂದಿಲ್ಲ ಎಂಬುದಕ್ಕೆ ಕಡತ ಕುಗ್ಗಿಸುವ ತಂತ್ರಾಂಶವಾದ ಎಕ್ಸ್‌ಝಡ್‌ನ 2024ರ ಪ್ರಕರಣ ಸಾಕ್ಷಿ. 5.6.0 ಮತ್ತು 5.6.1 ಆವೃತ್ತಿಗಳ ಬಿಡುಗಡೆ ಟಾರ್‌ಬಾಲ್‌ನಲ್ಲಿ ಗಿಟ್ ರೆಪೊದಲ್ಲಿ ಇಲ್ಲದ ಒಂದು ಎಂ4 ಕಡತ (ಬಿಲ್ಡ್ ಸಂರಚನೆಯ ಮ್ಯಾಕ್ರೋ) ಸೇರಿತ್ತು; ಅದು ಪರೀಕ್ಷಾ ಕಡತಗಳೊಳಗೆ ಅಡಗಿಸಿದ್ದ ಕೋಡ್ ಅನ್ನು ಬಿಲ್ಡ್ ಸಮಯದಲ್ಲಿ ಹೊರತೆಗೆಯುತ್ತಿತ್ತು. ಆ ಕೋಡ್ ಮೊದಲು ಎರಡು ವಿಷಯಗಳನ್ನು ನೋಡುತ್ತಿತ್ತು: ಡೆಬಿಯನ್ ಫೋಲ್ಡರ್‌ನಲ್ಲಿ ರೂಲ್ಸ್ ಕಡತ ಇದೆಯೇ, ಅಥವಾ ಆರ್‌ಪಿಎಂ ಬಿಲ್ಡ್‌ನ ಆರ್ಕಿಟೆಕ್ಚರ್ ವೇರಿಯಬಲ್‌ನಲ್ಲಿ ಎಕ್ಸ್86-64 ಎಂದಿದೆಯೇ. ಎರಡೂ ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಅಂದರೆ ಗುರಿಯಾಗಿದ್ದವರು ನಾವು, ಪ್ಯಾಕೇಜ್ ಮಾಡುವವರು. ಆಂಡ್ರೆಸ್ ಫ್ರಾಯಿಂಡ್ ಅವರು ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದ ಮೇಲೆ, ಟಾರ್‌ಬಾಲ್‌ನ ಬದಲು ಗಿಟ್ ರೆಪೊದಿಂದಲೇ ಸೋರ್ಸ್ ತರುವ ಸ್ಕ್ರಿಪ್ಟ್‌ಗಳಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಇದರಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಅನ್ನು ಮತ್ತೆ ಸೃಷ್ಟಿಸಿಕೊಳ್ಳುವ ಶ್ರಮವಿದೆ, ಒಪ್ಪುತ್ತೇನೆ.

ಉತ್ತರ: ಪರವಾನಗಿಪ್ರಶ್ನೆ

ನಕಲು ಮಾಡಿಕೊಳ್ಳಿ ಎಂದು ಎಲ್ಲರೂ ಸುಲಭವಾಗಿ ಹೇಳುತ್ತಿದ್ದಾರೆ. ತಂತ್ರಾಂಶದ ಪರವಾನಗಿ ಬೇರೆ, ಅದನ್ನು ಪ್ಯಾಕೇಜ್ ಮಾಡುವ ಸ್ಕ್ರಿಪ್ಟ್‌ನ ಪರವಾನಗಿ ಬೇರೆ. ಡೆಬಿಯನ್‌ನಲ್ಲಿ ಇದು ಸ್ಪಷ್ಟ: ಕಾಪಿರೈಟ್ ಕಡತದಲ್ಲಿ ಡೆಬಿಯನ್ ಫೋಲ್ಡರ್‌ನ ಕಡತಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಪರಿಚ್ಛೇದವೇ ಇರುತ್ತದೆ. ಫೆಡೋರಾದಲ್ಲಿ ಬೇರೆ ಏನೂ ಬರೆಯದ ಸ್ಪೆಕ್ ಕಡತಗಳು ಕೊಡುಗೆದಾರರ ಒಪ್ಪಂದದ ಪ್ರಕಾರ ಎಂಐಟಿ ಪರವಾನಗಿಯಡಿ ಬರುತ್ತವೆ. ನಿಕ್ಸ್‌ನ ಪ್ಯಾಕೇಜ್ ಸಂಗ್ರಹವಾದ ನಿಕ್ಸ್‌ಪಿಕೆಜಿಎಸ್ ಕೂಡ ಎಂಐಟಿ. ಆದರೆ ಯಾರದೋ ವೈಯಕ್ತಿಕ ಗಿಟ್‌ಹಬ್ ರೆಪೊದಲ್ಲಿ ಪರವಾನಗಿಯ ಕಡತವೇ ಇಲ್ಲದಿದ್ದರೆ, ಅದು ಸಾರ್ವಜನಿಕವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ನಿಮ್ಮದಾಗುವುದಿಲ್ಲ. ಗಿಟ್‌ಹಬ್‌ನ ನಿಯಮಗಳು ಕೊಡುವುದು ಆ ತಾಣದಲ್ಲೇ ನೋಡುವ ಮತ್ತು ಫೋರ್ಕ್ ಮಾಡುವ ಅನುಮತಿಯನ್ನು ಮಾತ್ರ. ಇಷ್ಟವಾದ ಸ್ಕ್ರಿಪ್ಟ್‌ಗೆ ಪರವಾನಗಿ ಇಲ್ಲವೆಂದು ಕಂಡರೆ ಒಂದು ಇಶ್ಯೂ ತೆರೆದು ವಿನಯದಿಂದ ಕೇಳಿ. ಹೆಚ್ಚಿನವರು ಮರೆತಿರುತ್ತಾರೆ, ಕೇಳಿದ ಕೂಡಲೇ ಸೇರಿಸುತ್ತಾರೆ.

ನಕಲು ಮಾಡಿದಾಗ ಕಮಿಟ್ ಸಂದೇಶದಲ್ಲಿ ಮೂಲ ರೆಪೊದ ವಿಳಾಸವನ್ನೂ ಕಮಿಟ್ ಹ್ಯಾಶ್ ಅನ್ನೂ ಬರೆದಿಡಿ. ಕೃತಜ್ಞತೆಯ ಮಾತು ಹಾಗಿರಲಿ, ಆರು ತಿಂಗಳ ನಂತರ ಅವರು ಏನು ಬದಲಾಯಿಸಿದ್ದಾರೆ ಎಂದು ಡಿಫ್ ತೆಗೆದು ನೋಡಲು ಅದೊಂದೇ ಆಧಾರ.

ಪ್ರಶ್ನೆ ಕೇಳಿದವರು: ಬಿಲ್ಡ್‌ಮನೆ

ಎಲ್ಲವೂ ಬಹಳ ಉಪಯುಕ್ತವಾಗಿದೆ. ಕೊನೆಯದಾಗಿ ಒಂದು ಪ್ರಾಯೋಗಿಕ ತೊಡಕು. ಸಲ್ಸಾದಿಂದ ತಂದ ಒಂದು ಪ್ಯಾಕೇಜ್ ನಮ್ಮ ಡೆಬಿಯನ್ 12 ಯಂತ್ರದಲ್ಲಿ ಬಿಲ್ಡ್ ಆಗುತ್ತಿಲ್ಲ; ಅಲ್ಲಿ ಇಲ್ಲದಷ್ಟು ಹೊಸ ಆವೃತ್ತಿಯ ಬಿಲ್ಡ್ ಅವಲಂಬನೆಗಳನ್ನು ಕೇಳುತ್ತಿದೆ. ಕಂಟ್ರೋಲ್ ಕಡತದಲ್ಲಿ ಆವೃತ್ತಿಯ ಸಂಖ್ಯೆಯನ್ನು ಇಳಿಸಿಬಿಡಬಹುದೇ?

ಉತ್ತರ: ಕಡತಪಾಲ

ಸಂಖ್ಯೆ ಇಳಿಸುವ ಮೊದಲು ಅದೇ ರೆಪೊದ ಬ್ರಾಂಚ್‌ಗಳನ್ನು ನೋಡಿ. ನೀವು ತಂದಿರುವುದು ಡೆಬಿಯನ್‌ನ ಅಭಿವೃದ್ಧಿ ಆವೃತ್ತಿಯಾದ ಸಿಡ್‌ಗಾಗಿ ಬರೆದ ಬ್ರಾಂಚ್ ಇರಬೇಕು. ಬುಕ್‌ವರ್ಮ್ (ಡೆಬಿಯನ್ 12ರ ಹೆಸರು) ಬ್ಯಾಕ್‌ಪೋರ್ಟ್ಸ್ ಎಂಬ ಹೆಸರಿನ ಬ್ರಾಂಚ್ ಇದ್ದರೆ ನಿಮ್ಮ ಕೆಲಸವನ್ನು ಯಾರೋ ಆಗಲೇ ಮಾಡಿಟ್ಟಿದ್ದಾರೆ. ಇಲ್ಲದಿದ್ದರೆ ಗಿಟ್ ಲಾಗ್‌ನಲ್ಲಿ ಆ ಅವಲಂಬನೆಯ ಸಂಖ್ಯೆಯನ್ನು ಏರಿಸಿದ ಕಮಿಟ್ ಅನ್ನು ಹುಡುಕಿ, ಏಕೆ ಏರಿಸಿದರು ಎಂದು ಓದಿ. ಡೆಬ್ ಬಿಲ್ಡ್‌ನ ಸಹಾಯಕ ಸಾಧನವಾದ ಡೆಬ್‌ಹೆಲ್ಪರ್‌ನ ಮಟ್ಟವನ್ನು ಏರಿಸಿದ ಕಾರಣಕ್ಕಷ್ಟೇ ಆಗಿದ್ದರೆ 13ಕ್ಕೆ ಇಳಿಸಬಹುದು, ಬುಕ್‌ವರ್ಮ್‌ಗೆ ಅದು ಸಾಕು. ಮೂಲ ತಂತ್ರಾಂಶವೇ ಆ ಲೈಬ್ರರಿಯ ಹೊಸ ಫಂಕ್ಷನ್ ಒಂದನ್ನು ಬಳಸುತ್ತಿದ್ದರೆ ಸಂಖ್ಯೆ ಇಳಿಸಿ ಪ್ರಯೋಜನವಿಲ್ಲ, ಕಾಂಪೈಲರ್ ಹಂತದಲ್ಲಿ ನಿಲ್ಲುತ್ತದೆ. ಆಗ ಸ್ನ್ಯಾಪ್‌ಶಾಟ್ ತಾಣದಿಂದ ಅದೇ ಪ್ಯಾಕೇಜ್‌ನ ಸ್ವಲ್ಪ ಹಳೆಯ ಸೋರ್ಸ್ ಅನ್ನು ತೆಗೆದುಕೊಳ್ಳಿ. ಡೆಬಿಯನ್‌ನಲ್ಲಿ ಹಿಂದೆ ಬಂದಿದ್ದ ಆವೃತ್ತಿಗಳೆಲ್ಲ ಅಲ್ಲಿ ದಿನಾಂಕದ ಪ್ರಕಾರ ಸಿಗುತ್ತವೆ.

ಬಿಲ್ಡ್ ಮಾಡುವಾಗ ಆವೃತ್ತಿಯ ಕೊನೆಗೆ ಟಿಲ್ಡೆ (~) ಚಿಹ್ನೆ ಹಾಕಿ ನಿಮ್ಮ ಗುರುತನ್ನು ಸೇರಿಸಿ, ಬ್ಯಾಕ್‌ಪೋರ್ಟ್ಸ್ ತಂಡದವರು ಬಿಪಿಒ12 ಎಂದು ಸೇರಿಸುವ ಹಾಗೆ. ಡೆಬ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯ ಲೆಕ್ಕದಲ್ಲಿ ಟಿಲ್ಡೆ ಇರುವುದು ಇಲ್ಲದಿರುವುದಕ್ಕಿಂತ ಕಡಿಮೆ, ಆದ್ದರಿಂದ ಮುಂದೆ ಸರ್ವರ್‌ಗಳು ಡೆಬಿಯನ್ 13ಕ್ಕೆ ಏರಿದಾಗ ಅದೇ ಆವೃತ್ತಿಯ ಅಧಿಕೃತ ಪ್ಯಾಕೇಜ್ ನಿಮ್ಮದರ ಜಾಗಕ್ಕೆ ತಾನಾಗಿ ಬರುತ್ತದೆ. ಪ್ಲಸ್ ಚಿಹ್ನೆ ಹಾಕಿದರೆ ನಿಮ್ಮದೇ ದೊಡ್ಡದೆಂದು ತಿಳಿದು ಅದು ಅಲ್ಲೇ ಉಳಿಯುತ್ತದೆ.